ಪಿಯುಸಿ ಮುಗಿದ ಮೇಲೆ ಮಗನ ಜೊತೆ ಯಾರು?

ಪ್ರಶ್ನೆ: ಆಟಿಸಂ ಇರುವ ನನ್ನ ಮಗನಿಗೆ ಈಗ 17 ವರ್ಷ. ಹಾಸನದಲ್ಲಿ ದ್ವಿತೀಯ ಪಿಯುಸಿ ವಾಣಿಜ್ಯ ಓದುತ್ತಿದ್ದಾನೆ. ಲೆಕ್ಕಶಾಸ್ತ್ರದಲ್ಲಿ ಒಳ್ಳೆಯ ಅಂಕ ಬರುತ್ತದೆ, ಆದರೆ ಹೊಸಬರೊಂದಿಗೆ ಮಾತನಾಡುವುದಿಲ್ಲ. ದಿನವೂ ನಾನೇ ಬಸ್ಸಿನಲ್ಲಿ ಕರೆತರುತ್ತೇನೆ. ಸಹಪಾಠಿಗಳ ಸಣ್ಣ ಗುಂಪೊಂದನ್ನು ಅವನ ಜೊತೆಗಿರಿಸಿ ಮುಂದಿನ ಜೀವನಕ್ಕೆ ತಯಾರು ಮಾಡೋಣ ಎಂದು ಅವನ ಉಪನ್ಯಾಸಕಿ ಹೇಳುತ್ತಿದ್ದಾರೆ. ಕನಿಕರದಿಂದ ಬಂದವರು ಆಮೇಲೆ ಬಿಟ್ಟುಹೋದರೆ ಅವನು ಇನ್ನಷ್ಟು ಕುಗ್ಗುವನೇ?
ಒಬ್ಬ ತಾಯಿ, ಆಲೂರು

ಉತ್ತರ: ಉಪನ್ಯಾಸಕಿಯವರ ಸಲಹೆ ಒಳ್ಳೆಯದು, ಆದರೆ ಒಪ್ಪುವ ಮೊದಲು ಮಗನನ್ನೇ ಕೇಳಿ. ಯಾರು ಜೊತೆಗಿರಬೇಕು, ತನಗೆ ಆಟಿಸಂ ಇದೆಯೆಂದು ಅವರಿಗೆ ಹೇಳಬಹುದೇ, ಹೇಳುವುದಾದರೆ ಎಷ್ಟು ಎಂಬುದನ್ನೆಲ್ಲ ಅವನೇ ತೀರ್ಮಾನಿಸಬೇಕು. ಮಾತಿನಲ್ಲಿ ಉತ್ತರ ಬರದಿದ್ದರೆ ಬರೆದು ಕೇಳಿ, ಎರಡು ದಿನ ಸಮಯ ಕೊಡಿ.

ನಿಮ್ಮ ಭಯ ನ್ಯಾಯವಾದದ್ದೇ. ಇಡೀ ಹೊಣೆ ಒಬ್ಬನೇ ಸಹಪಾಠಿಯ ಹೆಗಲಿಗೆ ಬಿದ್ದರೆ ಕೆಲವೇ ವಾರಗಳಲ್ಲಿ ಅವನಿಗದು ಭಾರವಾಗುತ್ತದೆ. ಅವನು ರಜೆ ಹಾಕಿದ ದಿನ ನಿಮ್ಮ ಮಗ ಒಂಟಿಯಾಗುತ್ತಾನೆ. ಆದ್ದರಿಂದಲೇ ಇಂಥ ಗುಂಪಿನಲ್ಲಿ ಸಾಮಾನ್ಯವಾಗಿ ಮೂರರಿಂದ ಆರು ಮಂದಿ ಇರುತ್ತಾರೆ, ವಾರಕ್ಕೊಮ್ಮೆ ಸೇರುತ್ತಾರೆ, ಹಿರಿಯರೊಬ್ಬರು ದೂರದಿಂದ ಗಮನಿಸುತ್ತಾರೆ. ಕನಿಕರ ದೂರವಾಗಬೇಕಾದರೆ ಕೊಡುವುದೂ ಪಡೆಯುವುದೂ ಎರಡೂ ಕಡೆಯಿಂದ ನಡೆಯಬೇಕು. ಅಂತಿಮ ಖಾತೆಗಳ ಲೆಕ್ಕವನ್ನು ನಿಮ್ಮ ಮಗ ಅವರಿಗೆ ಹೇಳಿಕೊಡಲಿ. ಸ್ವತಃ ಆಟಿಸಂ ಇರುವ ಬ್ರಿಟನ್ನಿನ ಸಮಾಜಶಾಸ್ತ್ರಜ್ಞ ಡೇಮಿಯನ್ ಮಿಲ್ಟನ್ 2012ರಲ್ಲಿ ಮಂಡಿಸಿದಂತೆ, ಆಟಿಸಂ ಇರುವವರಿಗೂ ಇಲ್ಲದವರಿಗೂ ನಡುವಿನ ಅಪಾರ್ಥ ಒಂದೇ ಕಡೆಯ ಕೊರತೆಯಲ್ಲ; ಕಲಿಯಬೇಕಾದದ್ದು ಸಹಪಾಠಿಗಳಿಗೂ ಇದೆ. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕಾಗಿ ಕಾಯುವುದು, ಅನುಮತಿಯಿಲ್ಲದೆ ಹೆಗಲ ಮೇಲೆ ಕೈ ಹಾಕದಿರುವುದು, ‘ಆಮೇಲೆ ಸಿಗೋಣ’ ಎನ್ನುವ ಬದಲು ‘ನಾಲ್ಕು ಗಂಟೆಗೆ ಕ್ಯಾಂಟೀನಿನ ಹತ್ತಿರ ಸಿಗೋಣ’ ಎನ್ನುವುದು, ಇಷ್ಟನ್ನು ಅವರಿಗೆ ಮೊದಲೇ ತಿಳಿಸಬೇಕು.

ಜೊತೆಗಾರರಿಂದ ಮಾತ್ರ ಸಿಗುವ ಪಾಠಗಳಿವೆ. ನಾನು ಬಲ್ಲ ಹುಡುಗನೊಬ್ಬ ಗೆಳೆಯನ ಜೊತೆ ಬಸ್ ಪ್ರಯಾಣ ಕಲಿತ. ಮೊದಲ ವಾರ ಗೆಳೆಯ ಪಕ್ಕದಲ್ಲೇ ಕುಳಿತ, ಎರಡನೆಯ ವಾರ ಹಿಂದಿನ ಸೀಟಿಗೆ ಸರಿದ, ಆಮೇಲೆ ಒಂದು ಬಸ್ ಮೊದಲೇ ಹೋಗಿ ಇಳಿಯುವ ಸ್ಥಳದಲ್ಲಿ ಕಾದ. ಇಬ್ಬರೂ ಒಂದೇ ಬಸ್ಸಿನಲ್ಲಿದ್ದಾಗ ಒಂದು ದಿನ ಕಂಡಕ್ಟರ್ ಚಿಲ್ಲರೆಯಿಲ್ಲದೆ ಬಾಕಿ ಹಣವನ್ನು ಟಿಕೆಟಿನ ಹಿಂದೆ ಬರೆದುಕೊಟ್ಟರು. ತನ್ನ ದುಡ್ಡು ಹೋಯಿತೆಂದು ಹುಡುಗ ಕಿವಿ ಮುಚ್ಚಿಕೊಂಡು ಅಲುಗಾಡತೊಡಗಿದ. ಗೆಳೆಯ ಹೆಚ್ಚು ಮಾತಾಡದೆ ತನ್ನ ಟಿಕೆಟಿನ ಹಿಂದಿದ್ದ ಅಂಥದೇ ಬರಹವನ್ನು ತೋರಿಸಿ, ‘ಇಳಿಯುವಾಗ ಇದನ್ನು ಕೊಟ್ಟು ಇಸ್ಕೊ’ ಎಂದ. ಯಾವ ಪಠ್ಯದಲ್ಲೂ ಇಲ್ಲದ ಆ ನಿಯಮವನ್ನು ಹೇಳಿಕೊಡಬೇಕೆಂದು ನನಗಾಗಲಿ ಅವನ ತಾಯಿಗಾಗಲಿ ಹೊಳೆದೇ ಇರಲಿಲ್ಲ.

ಪಿಯುಸಿ ಮುಗಿದೊಡನೆ ಗುಂಪು ಚದುರುವುದು ಖಂಡಿತ. ಅದನ್ನು ಈಗಲೇ ಮಗನಿಗೆ ತಿಳಿಸಿ, ಯಾರು ಯಾವ ಊರಿಗೆ ಹೋಗುವರೆಂದು ಬರೆದಿಡಿ, ಯಾರಿಗೆ ಯಾವ ದಿನ ಸಂದೇಶ ಕಳುಹಿಸಬಹುದೆಂದು ನಿಗದಿ ಮಾಡಿ. ಅವನು ಸೇರಲಿರುವ ಪದವಿ ಕಾಲೇಜಿನ ಹಿರಿಯ ವಿದ್ಯಾರ್ಥಿಯೊಬ್ಬರನ್ನು ಬೇಸಿಗೆಯಲ್ಲೇ ಪರಿಚಯಿಸುವುದು ಇನ್ನೂ ಮುಖ್ಯ. ಆಟಿಸಂ ಇದ್ದು ಈಗಾಗಲೇ ಓದು ಅಥವಾ ಉದ್ಯೋಗದಲ್ಲಿರುವವರು ಸಿಕ್ಕರೆ ಬಿಡಬೇಡಿ. ಅವರ ಒಂದು ಗಂಟೆಯ ಮಾತು ನನ್ನ ಹತ್ತು ಸಲಹೆಗಳಿಗಿಂತ ಹೆಚ್ಚು.

ಯುಡಿಐಡಿ ಕಾರ್ಡ್ (ಅಂಗವಿಕಲರಿಗೆ ಸರ್ಕಾರ ಕೊಡುವ ವಿಶಿಷ್ಟ ಗುರುತಿನ ಚೀಟಿ) ಮಾಡಿಸಿರದಿದ್ದರೆ ಕೂಡಲೇ ಅರ್ಜಿ ಹಾಕಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ, ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯ ದೃಢಪಟ್ಟವರಿಗೆ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ ಶೇ 5ರಷ್ಟು ಸೀಟು ಮೀಸಲು. 18 ತುಂಬಿದ ಕೂಡಲೇ ಕಾನೂನುಬದ್ಧ ಪಾಲಕರ ನೇಮಕವಾಗಲೇಬೇಕೆಂದು ಯಾರಾದರೂ ಅವಸರಪಡಿಸಿದರೆ ಒಪ್ಪಬೇಡಿ. ತನ್ನ ತೀರ್ಮಾನಗಳನ್ನು ತಾನೇ ಮಾಡಬಲ್ಲವನಿಗೆ ಅದರ ಅಗತ್ಯವಿಲ್ಲ.

ಗೆಳೆಯರೊಂದಿಗೆ ಬಸ್ಸಿನಲ್ಲಿ ಬರುವ ಮೊದಲ ದಿನ ನೀವು ನಿಲ್ದಾಣಕ್ಕೆ ಹೋಗದೆ ಮನೆಯಲ್ಲೇ ಇರಿ. ಬಂದೊಡನೆ ಏನಾಯಿತು, ಹೇಗಾಯಿತು ಎಂದು ಕೇಳಬೇಡಿ. ಬಸ್ಸಿನ ಗದ್ದಲದಿಂದ ಬಂದವನಿಗೆ ಅರ್ಧ ಗಂಟೆಯಾದರೂ ಮೌನ ಬೇಕಾಗುತ್ತದೆ.