ನಿಮ್ಮ ಫಾಕ್ಸ್ ಟೋಪಿ ತೆಗೆದುಬಿಟ್ಟಿದ್ದಾನೆ

ನಮಸ್ಕಾರ.

ಜಾರ್ಜ್ ಫಾಕ್ಸ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಕ್ವೇಕರ್ ಅನ್ನುವ ಕ್ರೈಸ್ತ ಪಂಥಕ್ಕೆ ಬುನಾದಿ ಹಾಕಿದವನ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅಂತ ನಿಮಗೆ ಅನ್ನಿಸಿದ್ದೇ ನನಗೆ ಖುಷಿ. ಆದರೆ ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ನೀವು ಇದನ್ನು ತಿದ್ದಿ ಮತ್ತೆ ಕಳಿಸಬೇಕು ಅನ್ನುವ ಆಸೆ ನನಗಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಮೂರನೇ ಪುಟ ತೆಗೆಯಿರಿ. 1656, ಇಂಗ್ಲೆಂಡಿನ ಕಾರ್ನ್‌ವಾಲ್‌ನ ಲಾನ್ಸೆಸ್ಟನ್ ಕೋರ್ಟು. ಮುಖ್ಯ ನ್ಯಾಯಾಧೀಶ ಗ್ಲಿನ್ ಮುಂದೆ ನಿಂತ ನಿಮ್ಮ ಫಾಕ್ಸ್ 'ಮಹಾಸ್ವಾಮಿ, ತಾವು ದಯಮಾಡಿ ನನ್ನ ಮಾತು ಕೇಳಬೇಕು' ಅನ್ನುತ್ತಾನೆ. ಓದುತ್ತಾ ನಾನು ಅಲ್ಲೇ ತಡೆದು ನಿಂತೆ. ಆ ಒಂದು 'ತಾವು' ಬಾಯಿಂದ ಬರುವುದಿಲ್ಲ ಅಂತಲೇ ಅಲ್ವಾ ಅವನೂ ಅವನ ಜೊತೆಯವರೂ ಬೈಗುಳ ಕೇಳಿದ್ದು, ಏಟು ತಿಂದಿದ್ದು?

ಆ ಕಾಲದ ಇಂಗ್ಲಿಷಿನಲ್ಲೂ ನಮ್ಮ ನೀನು, ನೀವು ಥರ ಎರಡು ಪದ ಇದ್ದವು. ದೊಡ್ಡವರಿಗೆ 'ಯೂ', ಆಳುಕಾಳುಗಳಿಗೆ 'ದೌ'. ಬಡವ, ಶ್ರೀಮಂತ ಅಂತ ನೋಡದೆ ಎಲ್ಲರಿಗೂ 'ದೌ' ಅನ್ನಬೇಕು, ಯಾರ ಮುಂದೆಯೂ ಟೋಪಿ ತೆಗೆಯಬಾರದು, ಇದು ದೇವರ ಅಪ್ಪಣೆ ಅಂತ ಫಾಕ್ಸ್ ನಂಬಿದ್ದ. ಇಂಗ್ಲಿಷಿನವರ ದಿನದ ಮಾತಿನಲ್ಲಿ ಈಗ 'ದೌ' ಉಳಿದಿಲ್ಲ. ಅದು ಎಷ್ಟು ಜೋರಾಗಿ ತಾಗುತ್ತಿತ್ತು ಅಂತ ಅವರಿಗೆ ವಿವರಿಸಿ ಹೇಳಬೇಕು. ಕನ್ನಡ ಓದುಗರಿಗೆ ಆ ವಿವರಣೆ ಬೇಕಿಲ್ಲ. ತಹಸೀಲ್ದಾರರ ಮೇಜಿನ ಮುಂದೆ ನಿಂತು 'ನೀನು ಹೇಳು' ಅಂದರೆ ಏನಾಗುತ್ತದೆ ಅಂತ ನಮಗೆ ಚೆನ್ನಾಗಿ ಗೊತ್ತು. ಭಾಷೆಯೇ ನಿಮಗೆ ಇಷ್ಟು ದೊಡ್ಡ ಸಹಾಯ ಮಾಡಲು ಕಾದಿರುವಾಗ ಸುಮ್ನೆ ಬಿಟ್ಟುಬಿಟ್ಟಿದ್ದೀರಿ.

ಕೋರ್ಟಿನ ಸಂಗತಿಯನ್ನು ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ: 'ಟೋಪಿ ತೆಗೆಯದ ಕಾರಣ ದಂಡ ವಿಧಿಸಲಾಯಿತು.' ಅಲ್ಲಿ ನಡೆದದ್ದು ನೋಡಿ. ಟೋಪಿ ಯಾಕೆ ತೆಗೆಯಲಿಲ್ಲ ಅಂತ ನ್ಯಾಯಾಧೀಶ ಕೇಳುತ್ತಾನೆ. ಬೈಬಲ್ಲಿನಲ್ಲಿ ಮೋಶೆಯಿಂದ ದಾನಿಯೇಲನ ತನಕ ಯಾವ ರಾಜ, ಯಾವ ನ್ಯಾಯಾಧೀಶ ಟೋಪಿ ತೆಗೆಯಿರಿ ಅಂತ ಹೇಳಿದ್ದಾನೆ, ತೋರಿಸು ಅಂತ ಫಾಕ್ಸ್ ತಿರುಗಿ ಕೇಳುತ್ತಾನೆ. ಗ್ಲಿನ್‌ಗೆ ಸಿಟ್ಟು ಬಂದು ಹೊರಗೆ ಕಳಿಸುತ್ತಾನೆ. ಸ್ವಲ್ಪ ಹೊತ್ತಿಗೆ ಮತ್ತೆ ಕರೆಸಿ, ಆಗ ಟೋಪಿ ಅನ್ನುವುದಾದರೂ ಎಲ್ಲಿತ್ತು, ಈಗ ಸಿಕ್ಕಿಬಿದ್ದೆ ಅನ್ನುತ್ತಾನೆ. ದಾನಿಯೇಲನ ಮೂರನೇ ಅಧ್ಯಾಯ ಓದು, ನೆಬೂಕದ್ನೆಚ್ಚರ ರಾಜ ಮೂವರು ಯೆಹೂದಿ ಯುವಕರನ್ನು ಬೆಂಕಿಗೆ ಹಾಕಿಸಿದಾಗ ಅವರ ತಲೆಯ ಮೇಲೆ ಟೋಪಿ ಇತ್ತು ಅನ್ನುತ್ತಾನೆ ಫಾಕ್ಸ್. ನ್ಯಾಯಾಧೀಶನಿಗೆ ಉತ್ತರ ತೋಚುವುದಿಲ್ಲ. ಇವರನ್ನು ಕರಕೊಂಡು ಹೋಗು ಅಂತ ಜೈಲರನಿಗೆ ಕೂಗುತ್ತಾನೆ. ಈ ಮಾತುಕತೆಗೆ ಒಂದಿಡೀ ಪುಟ ಕೊಡಿ. ಇಬ್ಬರ ಬಾಯಲ್ಲೂ 'ನೀನು' ಇರಲಿ. ನ್ಯಾಯಾಧೀಶನ 'ನೀನು' ಬೇರೆ, ಫಾಕ್ಸನ 'ನೀನು' ಬೇರೆ ಅಂತ ಓದುವವರಿಗೆ ಕೇಳಿಸಬೇಕು.

ಆಮೇಲೆ ಜೈಲು. 'ನರಕಯಾತನೆ ಅನುಭವಿಸಿದರು' ಅಂತ ಬರೆದಿದ್ದೀರಿ. ಈ ಮಾತನ್ನು ಯಾರ ಬಗ್ಗೆ ಬೇಕಾದರೂ ಬರೆಯಬಹುದು. ಫಾಕ್ಸ್ ಮತ್ತು ಅವನ ಜೊತೆಯವರು ದಂಡ ಕಟ್ಟಲಿಲ್ಲ, ಊಟಕ್ಕೆ ಅಂತ ಜೈಲರನಿಗೆ ಕೊಡುತ್ತಿದ್ದ ದುಡ್ಡನ್ನೂ ನಿಲ್ಲಿಸಿದರು. ಅವನು ಅವರನ್ನು ಡೂಮ್ಸ್‌ಡೇಲ್ ಅನ್ನುವ ಕೋಣೆಗೆ ತಳ್ಳಿದ. ಎಷ್ಟೋ ವರ್ಷಗಳಿಂದ ಅಲ್ಲಿನ ಮಲ ಎತ್ತಿರಲಿಲ್ಲ. ಕೆಲವು ಕಡೆ ಹೊಲಸು ನೀರು ಶೂ ಮುಳುಗುವಷ್ಟು ನಿಂತಿತ್ತು. ಫಾಕ್ಸ್ ಹುಡುಗನಾಗಿದ್ದಾಗ ಶೂ ಹೊಲಿಯುವವನ ಹತ್ತಿರ ಕೆಲಸ ಕಲಿತವನು. ಇದನ್ನು ಮೊದಲ ಪುಟದಲ್ಲಿ ಹೇಳಿ ಮರೆತಿದ್ದೀರಿ, ಇಲ್ಲಿ ನೆನಪಿಸಿಕೊಳ್ಳಿ.

ನಂಬಿಕೆಯ ಭಾಗ ಭಾರವಾಗಿದೆ. 'ಆಂತರಿಕ ದಿವ್ಯಜ್ಯೋತಿಯ ಅನುಸಂಧಾನ' ಅಂದರೆ ನನಗೇ ಎದೆಗಿಳಿಯಲಿಲ್ಲ. ಹತ್ತೊಂಬತ್ತರ ಹುಡುಗ 1643ರಲ್ಲಿ ಮನೆ ಬಿಟ್ಟ. ಮನಸ್ಸಿನ ಸಂಕಟ ಹೇಳಿಕೊಂಡು ಪಾದ್ರಿಗಳ ಹತ್ತಿರ ಅಲೆದ. ಒಬ್ಬ ಮುದಿ ಪಾದ್ರಿ ತಂಬಾಕು ಸೇದು, ಕೀರ್ತನೆ ಹಾಡು ಅಂದ. ಯಾರಿಂದಲೂ ಸಮಾಧಾನ ಸಿಗದೆ ಕೈಚೆಲ್ಲಿದ ಮೇಲೆ, 1647ರಲ್ಲಿ, ನಿನ್ನ ಸ್ಥಿತಿ ಬಲ್ಲವನು ಕ್ರಿಸ್ತ ಒಬ್ಬನೇ ಅನ್ನುವ ದನಿ ಅವನಿಗೆ ಒಳಗೇ ಕೇಳಿಸಿತು. ಆ ಬೆಳಕು ಪ್ರತಿಯೊಬ್ಬರಲ್ಲೂ ಇದೆ, ನಡುವೆ ಪಾದ್ರಿ ಬೇಡ. ಇಷ್ಟು ಹೇಳಿದರೆ ಸಾಕು, ಟೋಪಿಯ ಹಟ ಎಲ್ಲಿಂದ ಬಂತು ಅಂತಲೂ ತಿಳಿಯುತ್ತದೆ. ನಮ್ಮ ಶರಣರ ಜೊತೆ ಮಾಡಿದ ಹೋಲಿಕೆ ತೆಗೆದುಬಿಡಿ. ಅದನ್ನು ಓದುಗರು ತಾವೇ ಮಾಡಿಕೊಳ್ಳುತ್ತಾರೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಬೇಸರವಾಗಿದ್ದು ಜೇಮ್ಸ್ ನೇಯ್ಲರ್ ಹೆಸರೇ ಇಲ್ಲದ್ದಕ್ಕೆ. ಅವನೂ ಕ್ವೇಕರರ ಮುಂದಾಳು, ಫಾಕ್ಸನಷ್ಟೇ ದೊಡ್ಡ ಮಾತುಗಾರ. 1656ರ ಸೆಪ್ಟೆಂಬರಿನಲ್ಲಿ ಲಾನ್ಸೆಸ್ಟನ್ ಜೈಲಿನಿಂದ ಹೊರಬಂದ ಫಾಕ್ಸ್ ಎಕ್ಸೆಟರ್ ಜೈಲಿಗೆ ಹೋಗಿ ಅವನನ್ನು ಕಂಡ. ಇಬ್ಬರ ನಡುವೆ ಆಗಲೇ ಬಿರುಕು ಬಿಟ್ಟಿತ್ತು. ಮುತ್ತಿಡಲು ಬಂದ ನೇಯ್ಲರನಿಗೆ ಫಾಕ್ಸ್ ತನ್ನ ಕಾಲು ಚಾಚಿದ. ಯಾರಿಗೂ ತಲೆ ಬಾಗದವನು ಗೆಳೆಯನ ಮುಂದೆ ಕಾಲು ಚಾಚಿದ! ಅಕ್ಟೋಬರಿನಲ್ಲಿ ನೇಯ್ಲರ್ ಬ್ರಿಸ್ಟಲ್ ಊರಿಗೆ, ಕ್ರಿಸ್ತ ಜೆರುಸಲೇಮಿಗೆ ಬಂದದ್ದನ್ನು ನೆನಪಿಸುವಂತೆ, ಕುದುರೆಯ ಮೇಲೆ ಬಂದ. ಪಾರ್ಲಿಮೆಂಟು ದೇವನಿಂದೆ ಅಂತ ಅವನ ನಾಲಿಗೆಗೆ ಕಾದ ಕಬ್ಬಿಣ ಚುಚ್ಚಿಸಿತು, ಹಣೆಗೆ ಬರೆ ಹಾಕಿಸಿತು. ಇಬ್ಬರೂ ಮತ್ತೆ ರಾಜಿಯಾಗಲು 1660 ಬರಬೇಕಾಯಿತು. ಇದನ್ನು ಮುಚ್ಚಿಟ್ಟರೆ ನಿಮ್ಮ ಲೇಖನ ಹಾರ ಹಾಕಿದ ಫೋಟೋ ಆಗುತ್ತದೆ.

ಒಂದು ತಪ್ಪು ತಿದ್ದಲೇಬೇಕು. ಫಾಕ್ಸ್ ಗುಲಾಮಗಿರಿ ರದ್ದಾಗಲಿ ಅಂದ ಅಂತ ಬರೆದಿದ್ದೀರಿ. 1671ರಲ್ಲಿ ಕೆರಿಬಿಯನ್ ದ್ವೀಪ ಬಾರ್ಬಡೋಸ್‌ನಲ್ಲಿ ಅವನು ಹೇಳಿದ್ದು ಗುಲಾಮರನ್ನು ಮೆತ್ತಗೆ ನಡೆಸಿಕೊಳ್ಳಿ, ಕೆಲವು ವರ್ಷ ದುಡಿದ ಮೇಲೆ ಬಿಟ್ಟುಬಿಡಿ ಅಂತ. ಅಮೆರಿಕದ ಜರ್ಮನ್‌ಟೌನಿನ ಕ್ವೇಕರರು ಗುಲಾಮಗಿರಿಯನ್ನೇ ವಿರೋಧಿಸಿ ಮನವಿ ಬರೆದದ್ದು 1688ರಲ್ಲಿ. ಮಾರ್ಗರೆಟ್ ಫೆಲ್ ಕೂಡ ಬರೀ ಫಾಕ್ಸನ 'ಪತ್ನಿ' ಆಗಿ ಬಂದು ಹೋಗಿದ್ದಾಳೆ. ಮದುವೆ 1669ರ ಮಾತು. ಹೆಂಗಸರೂ ಬೋಧನೆ ಮಾಡಬಹುದು ಅಂತ ಅವಳು ಬರೆದದ್ದು ಅದಕ್ಕೆ ಮೂರು ವರ್ಷ ಮೊದಲು, ಲ್ಯಾಂಕಾಸ್ಟರ್ ಜೈಲಿನಲ್ಲಿ ಕೂತು.

ಇನ್ನು 'ಫಾಕ್ಸ್‌ರವರು' ಬೇಡ, 'ಅವನು' ಸಾಕು. ನ್ಯಾಯಾಧೀಶನಿಗೂ ಅದೇ. 1624ರ ಹುಟ್ಟಿನಿಂದ ಶುರು ಮಾಡಬೇಡಿ, ಕೋರ್ಟಿನ ಬಾಗಿಲಿನಿಂದ ಶುರು ಮಾಡಿ. ತಿಂಗಳೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.

ಸಂಪಾದಕ