ಮಾರುವ ಮನೆಗೆ ಎಷ್ಟು ಖರ್ಚು ಮಾಡಬೇಕು?

ಪ್ರಶ್ನೆ: ಹದಿನೈದು ವರ್ಷಗಳಿಂದ ವಾಸವಾಗಿರುವ ಮನೆಯನ್ನು ಮಾರಬೇಕೆಂದಿದ್ದೇವೆ. ನೋಡಲು ಬಂದವರು ಒಂದು ಸುತ್ತು ಹಾಕಿ, ತಿಳಿಸುತ್ತೇವೆ ಎಂದು ಹೇಳಿ ಹೊರಟುಹೋಗುತ್ತಾರೆ. ಅಡುಗೆಮನೆಯನ್ನು ಹೊಸದಾಗಿ ಮಾಡಿಸಿ, ನೆಲಕ್ಕೆ ಬೇರೆ ಟೈಲ್ಸ್ ಹಾಕಿಸಿದರೆ ಒಳ್ಳೆಯ ಬೆಲೆ ಬರುತ್ತದೆ ಎಂದು ಪರಿಚಿತರು ಸಲಹೆ ಕೊಡುತ್ತಿದ್ದಾರೆ. ಅಷ್ಟು ಹಣ ನಮ್ಮಲ್ಲಿಲ್ಲ. ಸಾಲ ಮಾಡಿಯಾದರೂ ಮಾಡಿಸಬೇಕೇ?

ಉತ್ತರ: ಸಾಲದ ಆಲೋಚನೆಯನ್ನು ದಯವಿಟ್ಟು ಕೈಬಿಡಿ. ನೀವು ಆರಿಸಿದ ಕಪಾಟು, ಟೈಲ್ಸ್ ಕೊಳ್ಳುವವರಿಗೆ ಹಿಡಿಸದಿದ್ದರೆ ಅವರು ಎಲ್ಲವನ್ನೂ ಕೀಳಿಸಿ ತಮಗೆ ಬೇಕಾದಂತೆ ಮಾಡಿಸಿಕೊಳ್ಳುತ್ತಾರೆ. ನಿಮ್ಮ ಹಣ ಬೆಲೆಯ ರೂಪದಲ್ಲಿ ಹಿಂದಿರುಗುವ ಭರವಸೆ ಇರುವುದಿಲ್ಲ. ಮನೆ ನೋಡಲು ಬಂದವರು ಮನಸ್ಸಿನಲ್ಲೇ ಹಾಕುವ ಲೆಕ್ಕ ಒಂದೇ: ಕೊಂಡ ಮೇಲೆ ಏನೇನು ರಿಪೇರಿ ನಮ್ಮ ತಲೆಗೆ ಬೀಳುತ್ತದೆ? ತೊಟ್ಟಿಕ್ಕುವ ನಲ್ಲಿ, ಕಿರುಗುಟ್ಟುವ ಬಾಗಿಲು, ಸಡಿಲವಾದ ಸ್ವಿಚ್ಚು ಕಣ್ಣಿಗೆ ಬಿದ್ದ ಕೂಡಲೇ, ಕಾಣದ ಜಾಗಗಳನ್ನೂ ಇವರು ಹೀಗೆಯೇ ಬಿಟ್ಟಿರಬೇಕು ಎಂಬ ಅನುಮಾನ ಅವರಲ್ಲಿ ಹುಟ್ಟುತ್ತದೆ. ಆದ್ದರಿಂದ ಮೊದಲ ಖರ್ಚು ನಲ್ಲಿಯ ವಾಷರ್, ಬಾಗಿಲ ಕೀಲುಗಳಿಗೆ ನಾಲ್ಕು ಹನಿ ಎಣ್ಣೆ, ಕೆಟ್ಟ ಚಿಲಕ ಇಂಥವಕ್ಕೆ ಹೋಗಲಿ.

ಎರಡನೆಯದು ಶುಚಿ. ನಲ್ಲಿ ಮತ್ತು ಗಾಜಿನ ಮೇಲೆ ಗಡಸು ನೀರು ಬಿಟ್ಟ ಬಿಳಿ ಕಲೆ ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಎಷ್ಟು ಸೋಪು ಹಾಕಿ ಉಜ್ಜಿದರೂ ಹೋಗದ ಅದು ಹುಳಿ ಅಂಶಕ್ಕೆ ಕರಗುತ್ತದೆ. ವಿನೆಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ನಲ್ಲಿಗೆ ಸುತ್ತಿ ಅರ್ಧ ಗಂಟೆ ಬಿಟ್ಟು ಒರೆಸಿ, ನೀರಿನಿಂದ ತೊಳೆಯಿರಿ. ಆದರೆ ಮಾರ್ಬಲ್ ಕೂಡ ಮುಖ್ಯವಾಗಿ ಅದೇ ವಸ್ತುವಿನಿಂದಾದದ್ದು. ಅದರ ಮೇಲೆ ವಿನೆಗರ್ ಬಿದ್ದರೆ ಹೊಳಪು ಹಾಳಾಗುತ್ತದೆ. ಆ್ಯಸಿಡ್ ಅಥವಾ ವಿನೆಗರನ್ನು ಬ್ಲೀಚ್ ಜೊತೆ ಎಂದಿಗೂ ಬೆರೆಸಬೇಡಿ. ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.

ವಾಸನೆಯ ವಿಷಯದಲ್ಲಿ ನಿಮ್ಮ ಮೂಗನ್ನು ನಂಬಬೇಡಿ, ಏಕೆಂದರೆ ದಿನವೂ ಇರುವ ವಾಸನೆಗೆ ಅದು ಒಗ್ಗಿಹೋಗಿರುತ್ತದೆ. ಹೊರಗಿನ ಆಪ್ತರೊಬ್ಬರನ್ನು ಕರೆದು ಕೇಳಿ. ಬಳಸದ ಬಚ್ಚಲಿನಲ್ಲಿ ದುರ್ನಾತವಿದ್ದರೆ, ಚರಂಡಿಯ ಗಾಳಿಯನ್ನು ತಡೆಯಲು ಜಾಲರಿಯ ಕೆಳಗೆ ಸದಾ ನಿಂತಿರಬೇಕಾದ ನೀರು ಒಣಗಿರುವ ಸಾಧ್ಯತೆ ಹೆಚ್ಚು. ಒಂದೆರಡು ಚೊಂಬು ನೀರು ಸುರಿದರೆ ಸಾಕು. ಸುಗಂಧ ಸಿಂಪಡಿಸಿದರೆ, ಏನನ್ನೋ ಮುಚ್ಚಿಡುತ್ತಿದ್ದಾರೆ ಎಂಬ ಭಾವನೆಯಷ್ಟೇ ಬಂದವರಲ್ಲಿ ಮೂಡೀತು.

ಉಳಿದದ್ದು ಬೆಳಕು ಮತ್ತು ಜಾಗ. ಕಿಟಕಿಯ ಗಾಜು ಒರೆಸಿ, ಅದಕ್ಕೆ ಅಡ್ಡವಾಗಿರುವ ಬೀರುವನ್ನು ಸರಿಸಿ. ಒಂದೇ ಕೋಣೆಯಲ್ಲಿ ಹಳದಿ ಬೆಳಕಿನದೊಂದು, ನೀಲಿ ಛಾಯೆಯದೊಂದು ಬಲ್ಬ್ ಇದ್ದರೆ ಗೋಡೆಯ ಬಣ್ಣವೇ ಕಳೆಗುಂದಿದಂತೆ ಕಾಣುತ್ತದೆ. ಮಲಗುವ ಕೋಣೆಗಳಿಗೆ 2700ರಿಂದ 3000 ಕೆಲ್ವಿನ್ (ಬೆಳಕಿನ ಛಾಯೆಯ ಅಳತೆ; ಸಂಖ್ಯೆ ಕಡಿಮೆಯಾದಷ್ಟೂ ಬೆಳಕು ಹಳದಿ), ಅಡುಗೆಮನೆಗೆ ಸುಮಾರು 4000 ಕೆಲ್ವಿನ್ ಎಂದು ಡಬ್ಬಿಯ ಮೇಲೆ ನಮೂದಿಸಿರುವ ಎಲ್‌ಇಡಿ ಬಲ್ಬುಗಳು ಹೊಂದುತ್ತವೆ. ಗೋಡೆಗೂಡುಗಳ ಬಾಗಿಲನ್ನು ಬಂದವರು ತೆರೆದೇ ನೋಡುತ್ತಾರೆ. ಸಾಮಾನು ತುಂಬಿ ತುಳುಕುತ್ತಿದ್ದರೆ ಈ ಮನೆಯಲ್ಲಿ ಜಾಗ ಸಾಲದು ಎಂದೇ ಅವರಿಗೆ ತೋರುತ್ತದೆ. ಅವುಗಳ ಮೂರನೆಯ ಒಂದು ಭಾಗವನ್ನಾದರೂ ಖಾಲಿ ಮಾಡಿ.

ಪ್ರಶ್ನೆ: ಮಾರಾಟಕ್ಕಿಟ್ಟಿರುವ ನಮ್ಮ ಮನೆಯ ಒಂದು ಗೋಡೆಯಲ್ಲಿ ತೇವದ ಕಲೆಯಿದ್ದು, ಬಣ್ಣ ಎದ್ದು ಬಂದಿದೆ. ಒಂದು ಕೋಟ್ ಬಣ್ಣ ಹೊಡೆಸಿದರೆ ಸಾಕೇ?

ಉತ್ತರ: ಸಾಲದು, ಆ ಹಣ ವ್ಯರ್ಥ. ಗೋಡೆಯೊಳಗಿನ ನೀರು ಲವಣಗಳನ್ನು ಕರಗಿಸಿಕೊಂಡು ಮೇಲ್ಮೈಗೆ ಬಂದು ಆವಿಯಾದಾಗ ಲವಣ ಬಿಳಿ ಪುಡಿಯಾಗಿ ಉಳಿದು, ಹೊಸ ಬಣ್ಣವನ್ನೂ ಒಳಗಿನಿಂದಲೇ ಎಬ್ಬಿಸುತ್ತದೆ. ಮೊದಲು ಕಲೆಯ ಪಕ್ಕದ ಗಟ್ಟಿ ಭಾಗದ ಮೇಲೆ ಅಂಗೈ ಅಗಲದ ಪ್ಲಾಸ್ಟಿಕ್ ಹಾಳೆಯನ್ನಿಟ್ಟು ನಾಲ್ಕೂ ಅಂಚನ್ನು ಟೇಪಿನಿಂದ ಮುಚ್ಚಿ ಒಂದೆರಡು ದಿನ ಬಿಡಿ. ಹಾಳೆಯ ಹಿಂಬದಿಯಲ್ಲಿ ಹನಿಗಟ್ಟಿದರೆ ತೇವ ಗೋಡೆಯೊಳಗಿನದು, ಮುಂಬದಿಯಲ್ಲಿ ಹನಿಗಟ್ಟಿದರೆ ಕೋಣೆಯ ಗಾಳಿಯದು. ಎರಡನೆಯದಾದರೆ ಕಿಟಕಿ ತೆರೆದಿಟ್ಟು ಗಾಳಿಯಾಡಿಸಿದರೆ ಬಹುಮಟ್ಟಿಗೆ ಪರಿಹಾರ ಸಿಗುತ್ತದೆ. ಮೊದಲನೆಯದಾದರೆ ಪೈಪಿನ ಸೋರಿಕೆಯೋ, ಹೊರಗೋಡೆಯ ಬಿರುಕೋ, ಕಟ್ಟಿಕೊಂಡ ಮಳೆನೀರಿನ ಕೊಳವೆಯೋ ಎಂದು ಪತ್ತೆ ಮಾಡಿ ಸರಿಪಡಿಸಿ, ಗೋಡೆ ಪೂರ್ತಿ ಒಣಗುವವರೆಗೆ ಕಾದು (ಇದಕ್ಕೆ ವಾರಗಳೇ ಬೇಕಾಗಬಹುದು, ಅವಸರ ಬೇಡ), ಪುಡಿಯನ್ನು ಒಣ ಬ್ರಷ್‌ನಿಂದ ಕೆರೆದು ತೆಗೆದ ಬಳಿಕ ಪ್ರೈಮರ್, ಅದರ ಮೇಲೆ ಬಣ್ಣ ಹೊಡೆಸಿ. ಇಲ್ಲಿ ಸೋರಿಕೆಯಿತ್ತು, ಹೀಗೆ ದುರಸ್ತಿ ಮಾಡಿಸಿದೆವು ಎಂದು ಕೊಳ್ಳುವವರಿಗೆ ನೀವಾಗಿಯೇ ಹೇಳಿ, ದುರಸ್ತಿಯ ರಸೀದಿಯನ್ನೂ ತೋರಿಸಿ.