ಡ್ಯಾಗರ್‌ಬೋರ್ಡ್ ಅರ್ಧಕ್ಕೇ ಕಚ್ಚಿಕೊಂಡಿದೆ, ಏನು ಮಾಡಲಿ?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಪ್ರಶ್ನೆ: ಗೋವಾದ ದೋನಾ ಪಾವ್ಲಾದಲ್ಲಿ ಒಬ್ಬರಿಂದ 14 ಅಡಿಯ ಹಳೆಯ ಫೈಬರ್ ಹಾಯಿದೋಣಿ ಕೊಂಡೆವು. ಅದು ಎಷ್ಟೋ ತಿಂಗಳು ಬಳಕೆಯಿಲ್ಲದೆ ನೀರಿನಲ್ಲೇ ಕಟ್ಟಿಹಾಕಿದ್ದ ದೋಣಿ. ಈಗ ದಡದ ಮೇಲೆ ಮಗ್ಗುಲಾಗಿ ಮಲಗಿಸಿದ್ದೇವೆ. ಮರದ ಡ್ಯಾಗರ್‌ಬೋರ್ಡ್ (ದೋಣಿ ಪಕ್ಕಕ್ಕೆ ಜಾರದಂತೆ ತಳದಿಂದ ನೀರಿಗಿಳಿಸುವ ಹಲಗೆ) ಅರ್ಧ ಇಳಿದ ಸ್ಥಿತಿಯಲ್ಲಿ ಬಿಗಿದು ಕೂತಿದೆ, ಇಬ್ಬರು ಎಳೆದರೂ ಅಲುಗುತ್ತಿಲ್ಲ. ಜಾಕ್ ಕೊಟ್ಟರೆ ಬರುತ್ತದೆ ಎನ್ನುತ್ತಾರೆ ಗ್ಯಾರೇಜಿನವರು. ಕೊಡಬಹುದೇ?
(ಓದುಗರು, ವಾಸ್ಕೊ)

ಉತ್ತರ: ಸದ್ಯಕ್ಕೆ ಜಾಕ್ ಬೇಡ, ಕೆಳಗಿನಿಂದ ಸುತ್ತಿಗೆಯ ಏಟಂತೂ ಬೇಡವೇ ಬೇಡ. ಬೋರ್ಡ್ ಮುರಿದರೆ ಬಡಗಿಯ ಹತ್ತಿರ ಇನ್ನೊಂದು ಮಾಡಿಸಬಹುದು. ಬೋರ್ಡ್ ಇಳಿಯುವ ಗೂಡು, ಅಂದರೆ ಕೇಸ್, ಹಾಗಲ್ಲ, ಅದು ದೋಣಿಯ ಒಡಲಿನದೇ ಭಾಗ. ಕೇಸ್ ತಳಕ್ಕೆ ಸೇರುವ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಬಿಟ್ಟರೂ ನೀರು ಒಳಗೆ ಜಿನುಗುತ್ತಲೇ ಇರುತ್ತದೆ. ಬೋರ್ಡಿಗೆ ಪೆಟ್ಟಾದರೂ ಕೇಸಿಗೆ ಆಗಬಾರದು ಎಂಬ ಲೆಕ್ಕದಲ್ಲೇ ಮುಂದಿನ ಕೆಲಸವೆಲ್ಲ ನಡೆಯಲಿ.

ಎಲ್ಲಿ ಕಚ್ಚಿದೆ, ಯಾವುದು ಕಚ್ಚಿದೆ ಎಂದು ಮೊದಲು ತಿಳಿಯಬೇಕು. ಪಾರ್ಸಲ್ ಪೆಟ್ಟಿಗೆಗೆ ಬಿಗಿಯುವ ಪ್ಲಾಸ್ಟಿಕ್ ಪಟ್ಟಿ ಒಂದು ಮೀಟರ್ ಸಾಕು. ಅದನ್ನು ಬೋರ್ಡ್ ಮತ್ತು ಕೇಸ್ ನಡುವಿನ ಸಂದಿಗೆ ಮೇಲಿನಿಂದ ಇಳಿಸಿ. ನಾಲ್ಕೂ ಬದಿ, ಪ್ರತಿ ಐದು ಸೆಂಟಿಮೀಟರಿಗೊಮ್ಮೆ. ಎಲ್ಲಿ ನಿಂತಿತೋ ಅಲ್ಲಿ ಪೆನ್ಸಿಲ್ ಗುರುತು ಹಾಕಿ, ಕೆಳಗಿನಿಂದಲೂ ಹಾಗೇ ಮಾಡಿ. ಅಲ್ಲಲ್ಲಿ ತಡೆದು ಕರಕರ ಎಂದರೆ ಚಿಪ್ಪು ಅಥವಾ ಮರಳು. ಎರಡೂ ಚಪ್ಪಟೆ ಮುಖಗಳಲ್ಲಿ ಉದ್ದಕ್ಕೂ ಪಟ್ಟಿ ಹೋಗದಿದ್ದರೆ ಮರ ಉಬ್ಬಿದೆ. ಒಂದೇ ಮಟ್ಟದಲ್ಲಿ ಎರಡೂ ಕಡೆ ನಿಂತರೆ ಕೇಸಿನ ಗೋಡೆಯೇ ಒಳಕ್ಕೆ ಬಾಗಿರಬಹುದು. ದೋಣಿಯ ಭಾರ ತಪ್ಪಾದ ಜಾಗದಲ್ಲಿ ಬಿದ್ದಾಗ, ಅಂದರೆ ಟ್ರೇಲರಿನ ಆಧಾರ ಕೇಸಿನ ಬದಿಯ ತಳವನ್ನು ಒತ್ತುತ್ತಿದ್ದಾಗ, ಹೀಗಾಗುತ್ತದೆ. ಆಧಾರ ಸರಿಸಿ ಒಂದು ರಾತ್ರಿ ಬಿಟ್ಟು ನೋಡಿ. ಎಷ್ಟೋ ಸಲ ಅಷ್ಟಕ್ಕೇ ಸಡಿಲವಾಗುತ್ತದೆ.

ಆಮೇಲೆ ಮರಳು. ಕೆಳಗಿನ ಸೀಳಿನಿಂದ ಪೈಪಿನಲ್ಲಿ ರಭಸವಾಗಿ ಸಿಹಿನೀರು ಬಿಡಿ, ಹತ್ತು ನಿಮಿಷವಾದರೂ. ನೀರು ಓಡುತ್ತಿರುವಾಗಲೇ ಬೋರ್ಡನ್ನು ಮೊದಲು ಕೆಳಕ್ಕೆ ತಳ್ಳಲು ನೋಡಿ, ಮೇಲಕ್ಕಲ್ಲ. ಬೋರ್ಡ್ ಎತ್ತುವಾಗ ಸಿಕ್ಕಿದ ಹರಳು ಬಾಗಿಲ ಕೆಳಗಿನ ಬೆಣೆಯಿದ್ದಂತೆ, ಅದೇ ದಿಕ್ಕಿಗೆ ಎಳೆದಷ್ಟೂ ಬಿಗಿಯುತ್ತದೆ. ಒಂದು ಸೆಂಟಿಮೀಟರ್ ಹಿಂದಕ್ಕೆ ಹೋದರೆ ತಾನೇ ಉದುರುತ್ತದೆ.

ತಿಂಗಳುಗಟ್ಟಲೆ ನೀರಿನಲ್ಲೇ ಇದ್ದ ದೋಣಿ ಎಂದಿರಿ. ಹಾಗಾಗಿ ದೋಣಿಗೆ ಅಂಟಿ ಬೆಳೆಯುವ ಬಾರ್ನಕಲ್ ಎಂಬ ಪುಟ್ಟ ಕಡಲಜೀವಿಯ ಚಿಪ್ಪುಗಳೇ ಮುಖ್ಯ ಆರೋಪಿ. ಜುವಾರಿ ನದಿಮುಖದಂಥ ಬೆಚ್ಚನೆಯ ಉಪ್ಪುನೀರಿನಲ್ಲಿ ಅವು ಕೆಲವೇ ವಾರಗಳಲ್ಲಿ ಸಂದಿ ತುಂಬುತ್ತವೆ. ಕೇಸಿನೊಳಗೆ ಬಿಸಿಲಿಲ್ಲ, ಕುಂಚ ಹೋಗುವುದಿಲ್ಲ, ಅವಕ್ಕೆ ಇನ್ನೇನು ಬೇಕು? ದೋಣಿ ಒಣಗಿದಾಗ ಜೀವಿ ಸಾಯುತ್ತದೆ, ಚಿಪ್ಪು ಮಾತ್ರ ಸಿಮೆಂಟಿನಂತೆ ಅಂಟಿಯೇ ಇರುತ್ತದೆ. ಅದು ಸುಣ್ಣ, ಆದ್ದರಿಂದ ಆಮ್ಲಕ್ಕೆ ಕರಗುತ್ತದೆ.

ದೋಣಿಯನ್ನು ಹಳೇ ಟೈರುಗಳ ಮೇಲೆ ನೇರವಾಗಿ ಕೂರಿಸಿ, ಬೋರ್ಡಿನ ತುದಿ ನೆಲಕ್ಕೆ ತಾಗದಷ್ಟು ಎತ್ತರದಲ್ಲಿ. ಕೆಳಗಿನ ಸೀಳಿಗೆ ಬಟ್ಟೆ ತುರುಕಿ, ಮೇಲೆ ಎಂ-ಸೀಲ್ ಮೆತ್ತಿ. ಮೇಲಿನಿಂದ ಬಿಳಿ ವಿನೆಗರ್ ಸುರಿಯಿರಿ. ಎಷ್ಟು ಬೇಕು? ಕೇಸ್ 40 ಸೆಂ.ಮೀ. ಎತ್ತರ, 35 ಸೆಂ.ಮೀ. ಉದ್ದ, ಎರಡೂ ಬದಿ 3 ಮಿ.ಮೀ. ಸಂದಿ ಎಂದು ಹಿಡಿದರೆ 840 ಮಿ.ಲೀ. ಆಯಿತು. ಮುಂದೆ ಹಿಂದೆ ಸೇರಿ ಒಂದು ಲೀಟರ್ ಎನ್ನಿ. ಹಲವರು ಎಡವುವುದು ಇಲ್ಲೇ. ಒಂದು ಸಲ ಸುರಿದು, ಮರುದಿನ ನೋಡಿ, ಏನೂ ಆಗಲಿಲ್ಲ ಎನ್ನುತ್ತಾರೆ. ಶೇ 4ರ ವಿನೆಗರ್ ಒಂದು ಲೀಟರ್ ಕರಗಿಸುವುದು ಹೆಚ್ಚೆಂದರೆ 33 ಗ್ರಾಂ ಸುಣ್ಣ, ಆಮೇಲೆ ಅದು ಬರೀ ಹುಳಿನೀರು. ನೊರೆಗುಳ್ಳೆ ನಿಂತಿತೆಂದರೆ ಬಸಿದು ಹೊಸದು ಹಾಕಬೇಕು. ಐದಾರು ಲೀಟರ್ ತಂದಿಟ್ಟುಕೊಂಡೇ ಶುರುಮಾಡಿ.

ಆತುರವಿದ್ದರೆ ಹಾರ್ಡ್‌ವೇರ್ ಅಂಗಡಿಯ ಹೈಡ್ರೋಕ್ಲೋರಿಕ್ ಆ್ಯಸಿಡ್ ಇದೆ: ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಮೊದಲು ಹತ್ತು ಪಾಲು ನೀರು, ಅದಕ್ಕೆ ಒಂದು ಪಾಲು ಆ್ಯಸಿಡ್. ಆ್ಯಸಿಡ್ಡಿಗೆ ನೀರು ಹಾಕಿದರೆ ಸಿಡಿಯುತ್ತದೆ. ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ, ತೆರೆದ ಬಯಲು, ಈ ಮೂರೂ ಇರಲೇಬೇಕು. ಬ್ಲೀಚ್ ಹತ್ತಿರವೂ ಸುಳಿಯಬಾರದು, ಎರಡೂ ಸೇರಿದರೆ ಕ್ಲೋರಿನ್ ಅನಿಲ. ಕಾಲು ಗಂಟೆಗೊಮ್ಮೆ ಬಸಿದು ತುಂಬ ನೀರಿನಲ್ಲಿ ತೊಳೆಯಿರಿ. ಬೋರ್ಡ್ ಅಲ್ಯೂಮಿನಿಯಮ್ಮಿನದಾದರೆ ಈ ಆ್ಯಸಿಡ್ ಬೇಡ, ಲೋಹವನ್ನೇ ತಿನ್ನುತ್ತದೆ.

ಮೆತ್ತಗಾದ ಚಿಪ್ಪನ್ನು ಕೆರೆಯಲು ಹ್ಯಾಕ್‌ಸಾ ಬ್ಲೇಡನ್ನು ತೆಳು ಬಿದಿರ ಸೀಳಿಗೆ ಟೇಪಿನಿಂದ ಬಿಗಿಯಿರಿ. ಗೀರು ಬಿದ್ದರೆ ಬೋರ್ಡಿಗೇ ಬೀಳುವಂತೆ ಹಲ್ಲನ್ನು ಬೋರ್ಡಿನ ಕಡೆಗೆ ತಿರುಗಿಸಿಡಿ.

ಇನ್ನು ಹೊರತೆಗೆಯುವುದು. ಸಂದಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಸುರಿಯಿರಿ. ಎಣ್ಣೆ, ಗ್ರೀಸ್, ಸಿಲಿಕೋನ್ ಸ್ಪ್ರೇ ಹಾಕಿದರೆ ಮುಂದೆ ಎಪಾಕ್ಸಿಯಾಗಲಿ ಬಣ್ಣವಾಗಲಿ ಹಿಡಿಯುವುದಿಲ್ಲ. ಹಿಡಿಯ ಕೆಳಗೆ ಅಗಲ ಪಟ್ಟಿಯ ಹಗ್ಗ ಹಾಕಿ ಒಬ್ಬರು ಎಳೆಯಲಿ. ಇನ್ನೊಬ್ಬರು ಬೋರ್ಡಿನ ಕೆಳತುದಿಗೆ ಮರದ ತುಂಡು ಕೊಟ್ಟು ರಬ್ಬರ್ ಸುತ್ತಿಗೆಯಲ್ಲಿ ಮುಂಭಾಗಕ್ಕೊಮ್ಮೆ, ಹಿಂಭಾಗಕ್ಕೊಮ್ಮೆ ಮೆಲ್ಲಗೆ ತಟ್ಟಲಿ. ಒಂದೇ ಕಡೆ ತಟ್ಟಿದರೆ ಮಳೆಗಾಲದ ಮೇಜಿನ ಡ್ರಾಯರಿನಂತೆ ಓರೆಯಾಗಿ ಕಚ್ಚಿಕೊಳ್ಳುತ್ತದೆ. ತೀರಾ ಬಾರದಿದ್ದರೆ ಆಗ ಜಾಕ್: ಕೇಸಿನ ಬಾಯಿಯ ಎರಡೂ ಬದಿ ಪ್ಲೈವುಡ್ ತುಂಡು, ಅದರ ಮೇಲೆ ಒಂದೊಂದು ಪುಟ್ಟ ಜಾಕ್, ಎರಡಕ್ಕೂ ಅಡ್ಡಲಾಗಿ ತೊಲೆ, ತೊಲೆಗೆ ಬೋರ್ಡಿನ ಹಗ್ಗ. ಒಂದೊಂದು ಮಿಲಿಮೀಟರ್ ಏರಿಸಿ ನಿಲ್ಲಿಸಿ, ಕೇಸಿನ ಬುಡವನ್ನು ನೋಡುತ್ತಿರಿ. ಬೋರ್ಡಿನ ತಲೆ ಅಗಲವಾಗಿದ್ದರೆ ಅದು ಮೇಲಿನಿಂದಷ್ಟೇ ಬರುತ್ತದೆ ಎಂಬುದು ನೆನಪಿರಲಿ.

ಪ್ರಶ್ನೆ: ನಮ್ಮ ದೋಣಿ ಇರುವುದು ಪುಣೆ ಹತ್ತಿರದ ಜಲಾಶಯದಲ್ಲಿ. ಸಿಹಿನೀರು, ಬಾರ್ನಕಲ್ ಇಲ್ಲ. ಆದರೂ ಬೋರ್ಡ್ ಪ್ರತಿ ವರ್ಷ ಸ್ವಲ್ಪ ಸ್ವಲ್ಪವೇ ಬಿಗಿಯಾಗುತ್ತಿದೆ.
(ಓದುಗರು, ಕೋಥ್ರೂಡ್)

ಉತ್ತರ: ಪ್ರತಿ ವರ್ಷ ಬಣ್ಣ ಬಳಿಯುತ್ತಿದ್ದೀರಾ? ಹಾಗಾದರೆ ಉತ್ತರ ಅದೇ. ಒಂದು ಕೋಟ್ ಒಣಗಿದ ಮೇಲೆ 0.05ರಿಂದ 0.1 ಮಿ.ಮೀ. ದಪ್ಪ. ವರ್ಷಕ್ಕೆ ಎರಡರಂತೆ ಹತ್ತು ವರ್ಷದಲ್ಲಿ ಒಂದೊಂದು ಮುಖಕ್ಕೂ ಒಂದೂವರೆ ಮಿಲಿಮೀಟರಿನಷ್ಟು ಸೇರಿತು. ಮರ ಕಾಣುವವರೆಗೆ ಕೆರೆಯಿರಿ. ಬಣ್ಣದ ಕೆಳಗೆ ಮರ ಕಪ್ಪಾಗಿದ್ದರೆ ನೀರು ಕುಡಿದಿದೆ. ನೆರಳಿನಲ್ಲಿ, ಗಾಳಿಯಾಡುವ ಕಡೆ ಮೂರು ನಾಲ್ಕು ವಾರ ಒಣಗಿಸಿ. ಬಿಸಿಲಿಗಿಟ್ಟರೆ ಸೀಳುತ್ತದೆ, ಮಳೆಗಾಲದಲ್ಲಿ ಒಣಗುವುದೇ ಇಲ್ಲ, ಆದ್ದರಿಂದ ಅಕ್ಟೋಬರ್ ಕಳೆಯಲಿ. ಮೊದಲು 80, ಆಮೇಲೆ 120 ನಂಬರಿನ ಉಜ್ಜುಕಾಗದ, ಅದರ ಮೇಲೆ ಮೂರು ತೆಳು ಕೋಟ್ ಎಪಾಕ್ಸಿ. ಕೆಳತುದಿ ಮತ್ತು ಹಿಂದಿನ ಅಂಚಿಗೆ ಇನ್ನೊಂದು, ನೀರು ನುಗ್ಗುವುದು ಅಲ್ಲಿಂದಲೇ. ಮುಗಿದಾಗ ಪ್ರತಿ ಬದಿ ಎರಡು ಮಿ.ಮೀ. ಸಡಿಲವಿರಲಿ.

ಪ್ರಶ್ನೆ: ಬೋರ್ಡ್ ಕೆಳಗಿಳಿಯದೆ ಮೇಲೆಯೇ ಸಿಕ್ಕಿಕೊಂಡಿದೆ. ರಿಪೇರಿಯವರು ಬರುವವರೆಗೆ ಗೇಟ್‌ವೇ ಮುಂದೆ ಸುಮ್ಮನೆ ಒಂದು ಸುತ್ತು ಹೋಗಬಹುದೇ?
(ಓದುಗರು, ಕೊಲಾಬಾ, ಮುಂಬೈ)

ಉತ್ತರ: ಬೇಡ. ಬೋರ್ಡ್ ಇಳಿಯದ ದೋಣಿ ಗಾಳಿಗೆದುರು ಏರುವುದಿಲ್ಲ, ಪಕ್ಕಕ್ಕೆ ಜಾರುತ್ತದೆ. ಮುಂಬೈ ಬಂದರಿನಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ಇಳಿತದ ಅಂತರ ನಾಲ್ಕು ಮೀಟರ್ ದಾಟುವುದುಂಟು, ಆ ಸೆಳೆತಕ್ಕೆ ಸಿಕ್ಕರೆ ಹೊರಟಲ್ಲಿಗೆ ಮರಳುವುದು ನಿಮ್ಮ ಕೈಯಲ್ಲಿಲ್ಲ. ಇನ್ನೂ ದೊಡ್ಡ ಕಾರಣ: ದೋಣಿ ಮಗುಚಿದಾಗ ಅದನ್ನು ಎತ್ತಿ ನಿಲ್ಲಿಸುವುದು ತಳದಿಂದ ಚಾಚಿದ ಡ್ಯಾಗರ್‌ಬೋರ್ಡಿನ ಮೇಲೆ ಭಾರ ಹಾಕಿ. ಅದು ಹೊರಗೆ ಚಾಚಿಲ್ಲದಿದ್ದರೆ ಕಾಲಿಡಲು ಜಾಗವೇ ಇರುವುದಿಲ್ಲ.